ಬರೆಯೋದು ಕೋಭ್, ಓದೋದು ಕೋವ್: ಐರ್ಲೆಂಡಿನ ಒಂದು ಬಂದರು ಊರಿನ ಹೆಸರಿನ ಕತೆ

ಸಿ, ಓ, ಬಿ, ಎಚ್. ಸ್ಪೆಲ್ಲಿಂಗು ಇಷ್ಟೇ. ಕನ್ನಡ ಓದಿ ಬೆಳೆದ ಯಾರಿಗೆ ತೋರಿಸಿದ್ರೂ 'ಕೋಭ್' ಅಂತಾನೇ ಓದ್ತಾರೆ, ಯಾಕಂದ್ರೆ ಬಿ ಪಕ್ಕ ಎಚ್ ಬಂದ್ರೆ ನಮಗೆ ಅದು ಭ, ಭದ್ರಾವತಿಯ ಭ, ಭಟ್ಕಳದ ಭ. ನಾನೂ ಕಾರ್ಕ್ ರೈಲ್ವೆ ಸ್ಟೇಷನ್ನಿನ ಕೌಂಟರಲ್ಲಿ ಹಾಗೇ ಕೇಳ್ದೆ, ಒಳಗಿದ್ದ ಹೆಂಗಸು ಟಿಕೆಟ್ ಕೊಡ್ತಾ ಮೆತ್ತಗೆ 'ಕೋವ್' ಅಂದ್ರು. ಭ ಹೋಗಿ ವ ಬಂತು. ಆ ಒಂದು ಅಕ್ಷರದ ಹಿಂದೆ ಹೋದ್ರೆ ಐರ್ಲೆಂಡಿನ ಮುನ್ನೂರು ವರ್ಷದ ಚರಿತ್ರೆ ಬಿಚ್ಕೊಳ್ಳುತ್ತೆ ಅಂತ ಆಗ ನನಗೆ ಗೊತ್ತಿರಲಿಲ್ಲ.

ಊರು ಎಲ್ಲಿದೆ ಅಂತ ಮೊದಲು ಹೇಳ್ಬಿಡ್ತೀನಿ. ಐರ್ಲೆಂಡಿನ ದಕ್ಷಿಣದಲ್ಲಿ ಕಾರ್ಕ್ ಅನ್ನೋ ನಗರ ಇದೆ, ಅದರ ಮುಂದೆ ದೊಡ್ಡ ಬಂದರು, ಬಂದರಿನ ಒಳಗೆ ಗ್ರೇಟ್ ಐಲ್ಯಾಂಡ್ ಅನ್ನೋ ದ್ವೀಪ, ಆ ದ್ವೀಪದ ಸಮುದ್ರದ ಕಡೆ ಮುಖ ಮಾಡಿರೋ ಇಳಿಜಾರಿನಲ್ಲಿ ಈ ಊರು. ಸುಮಾರು 14 ಸಾವಿರ ಜನ. ಕಾರ್ಕಿನಿಂದ ಲೋಕಲ್ ಟ್ರೈನಲ್ಲಿ ಅರ್ಧ ಗಂಟೆಯೂ ಬೇಡ. ಗುಡ್ಡದ ಮೇಲೆ ಸೇಂಟ್ ಕೋಲ್ಮನ್ ಕ್ಯಾಥೆಡ್ರಲ್ಲು, ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಬಣ್ಣದ ಮನೆಗಳು, ಅದರ ಕೆಳಗೆ ನೀರು. ಟೈಟಾನಿಕ್ ಹಡಗು ಕೊನೇ ಸಲ ನಿಂತು ಜನರನ್ನ ಹತ್ತಿಸಿಕೊಂಡಿದ್ದು ಇಲ್ಲೇ.

ಈಗ ವಿಷಯಕ್ಕೆ ಬರೋಣ. ಈ ಸ್ಪೆಲ್ಲಿಂಗ್ ನೋಡಿದವರೆಲ್ಲ ಇದು ಪಕ್ಕಾ ಐರಿಶ್ ಹೆಸರು, ಹಳೇ ಕಾಲದ್ದು, ಇಂಗ್ಲಿಷರು ಬರೋಕೆ ಮುಂಚಿಂದ ಇರೋದು ಅಂದ್ಕೋತಾರೆ. ಹಾಗಲ್ಲ. ಇದು 'ಕೋವ್' ಅನ್ನೋ ಇಂಗ್ಲಿಷ್ ಪದಾನೇ, ಸಣ್ಣ ಕೊಲ್ಲಿ, ಹಡಗು ತಂಗೋಕೆ ಆಸರೆ ಇರೋ ನೀರಿನ ಮೂಲೆ ಅಂತ ಅರ್ಥ, ಹಳೇ ಇಂಗ್ಲಿಷಲ್ಲಿ ಇದೇ ಪದಕ್ಕೆ 'ಕೋಣೆ' ಅಂತ ಅರ್ಥ ಇತ್ತು. ಐರಿಶ್ ಭಾಷೇಲಿ ಬಂದರಿಗೆ, ಕೊಲ್ಲಿಗೆ 'ಕುವನ್' ಅಂತ ಬೇರೇ ಪದ ಇದೆ, ಕೋವ್ ಅನ್ನೋದಕ್ಕೆ ಆ ಭಾಷೆಯದ್ದೇ ಆದ ಅರ್ಥ ಇಲ್ಲ. ಅಂದ್ರೆ ಇಂಗ್ಲಿಷ್ ಪದ ಒಂದನ್ನ ತಗೊಂಡು, ಅದರ ಸದ್ದು ಒಂಚೂರೂ ಬದಲಾಗದ ಹಾಗೆ, ಐರಿಶ್ ಕಾಗುಣಿತದಲ್ಲಿ ಬರೆದ್ರು. ಯಾಕೆ ಬರೆದ್ರು, ಅದಕ್ಕೆ ಮುಂಚೆ ಅಲ್ಲಿ ಏನು ಹೆಸರಿತ್ತು, ಬಿ ಎಚ್ ಹಾಕಿದ್ರೆ ವ ಹೇಗಾಗುತ್ತೆ, ಈ ಮೂರೂ ಒಂದಕ್ಕೊಂದು ಹೆಣಕೊಂಡಿವೆ.

ಮೊದಲು ಬಿ ಎಚ್ ವಿಷಯ, ಅದು ಗೊತ್ತಾಗದಿದ್ರೆ ಮುಂದಿನದು ಯಾವುದೂ ಗೊತ್ತಾಗಲ್ಲ.

ಐರಿಶ್ ಭಾಷೆಯ ಹಳೇ ಅಕ್ಷರಮಾಲೇಲಿ 18 ಅಕ್ಷರ ಮಾತ್ರ, ಅದರಲ್ಲಿ ವಿ ಅನ್ನೋ ಅಕ್ಷರಾನೇ ಇಲ್ಲ. ಆದ್ರೆ ಭಾಷೇಲಿ ವ ಅನ್ನೋ ಸದ್ದು ಧಾರಾಳವಾಗಿದೆ. ಅದು ಎಲ್ಲಿಂದ ಬರುತ್ತೆ ಅಂದ್ರೆ, ಕೆಲವು ಕಡೆ ಪದದ ಬ ಮತ್ತು ಮ ಮೆತ್ತಗಾಗಿ ವ ಆಗುತ್ತೆ. ಉದಾಹರಣೆಗೆ ದೋಣಿಗೆ 'ಬಾಡ್' ಅಂತಾರೆ, 'ನನ್ನ ದೋಣಿ' ಅನ್ನೋವಾಗ 'ಮೊ ವಾಡ್' ಅಂತಾರೆ. ಬ ಹೋಗಿ ವ. ಬರೆಯೋವಾಗ ಮೂಲ ಅಕ್ಷರ ಬಿ ಅನ್ನೋದು ಮರೀಬಾರದು ಅಂತ ಬಿ ಅನ್ನ ಹಾಗೇ ಉಳಿಸಿ ಪಕ್ಕಕ್ಕೆ ಒಂದು ಎಚ್ ಸೇರಿಸ್ತಾರೆ. ಆ ಎಚ್ ಅಂದ್ರೆ 'ಈ ಅಕ್ಷರ ಮೆತ್ತಗಾಗಿದೆ ನೋಡ್ಕೋ' ಅನ್ನೋ ಗುರುತು, ಅಷ್ಟೇ. ಎಮ್ ಪಕ್ಕ ಎಚ್ ಬಂದ್ರೂ ಇದೇ ಕತೆ. ಅದಕ್ಕೇ ಎಸ್ ಐ ಓ ಬಿ ಎಚ್ ಎ ಎನ್ ಅಂತ ಬರೆಯೋ ಹುಡುಗಿ ಹೆಸರನ್ನ 'ಶಿವಾನ್' ಅಂತಾರೆ, ಎನ್ ಐ ಎ ಎಮ್ ಎಚ್ ಅಂತ ಬರೆಯೋದನ್ನ 'ನೀವ್' ಅಂತಾರೆ.

ಇದು ವಿಚಿತ್ರ ಅನ್ನಿಸ್ತಾ? ನಿಮ್ಮ ಹೈಸ್ಕೂಲ್ ವ್ಯಾಕರಣ ಸ್ವಲ್ಪ ನೆನಪು ಮಾಡ್ಕೊಳ್ಳಿ. ಆದೇಶ ಸಂಧಿ. ಮಳೆ ಕಾಲ ಸೇರಿ ಮಳೆಗಾಲ ಆಗೋದು ಎಲ್ಲರಿಗೂ ನೆನಪಿರುತ್ತೆ, ಆದ್ರೆ ಅದೇ ಪಾಠದಲ್ಲಿ ಪ ಬ ಮ ಗಳಿಗೆ ವ ಬರುತ್ತೆ ಅಂತ ಇನ್ನೊಂದು ಸಾಲು ಇತ್ತು: ಕಡು ಜೊತೆ ಬೆಳ್ಪು ಸೇರಿದ್ರೆ ಕಡುವೆಳ್ಪು, ಮೆಲ್ ಜೊತೆ ಮಾತು ಸೇರಿದ್ರೆ ಮೆಲ್ವಾತು. ಬ ಹೋಗಿ ವ, ಮ ಹೋಗಿ ವ. ತುಟಿ ಪೂರ್ತಿ ಮುಚ್ಚದೆ ಸಡಿಲ ಬಿಟ್ರೆ ಬ ಇರೋ ಕಡೆ ವ ಬಂದ್ಬಿಡುತ್ತೆ, ಇದು ಬಾಯಿಯ ಕೆಲಸ, ಯಾವ ದೇಶದ ಬಾಯಾದ್ರೂ ಅಷ್ಟೇ. ನಾವು ಕೇಳಿದ್ದನ್ನ ಹಾಗೇ ವ ಅಂತ ಬರೀತೀವಿ, ಅವರು ಮೂಲದ ಬ ಉಳಿಸಿಕೊಂಡು ಗುರುತು ಹಾಕ್ತಾರೆ, ವ್ಯತ್ಯಾಸ ಇಷ್ಟೇ.

ಆ ಗುರುತು ಕೂಡ ಮೊದಲು ಎಚ್ ಆಗಿರಲಿಲ್ಲ. ಹಳೇ ಐರಿಶ್ ಲಿಪಿಯಲ್ಲಿ ಅಕ್ಷರದ ನೆತ್ತಿ ಮೇಲೆ ಒಂದು ಚುಕ್ಕೆ ಇಡ್ತಿದ್ರು. ನಾವು ಬ ಕೆಳಗೆ ಒಂದು ಸೀಳು ಎಳೆದು ಭ ಮಾಡೋ ಹಾಗೆ, ಅವರು ಬಿ ಮೇಲೆ ಚುಕ್ಕೆ ಇಟ್ಟು ವ ಮಾಡ್ತಿದ್ರು. ಆಮೇಲೆ ಆ ಲಿಪಿ ಬಿಟ್ಟು ಮಾಮೂಲಿ ರೋಮನ್ ಅಕ್ಷರಕ್ಕೆ ಬಂದಾಗ ಚುಕ್ಕೆಯ ಜಾಗಕ್ಕೆ ಎಚ್ ಬಂತು. ನೋಡೋಕೆ ಅಂದವಾಗಿದ್ದ ಒಂದು ಪುಟ್ಟ ಚುಕ್ಕೆ ಹೋಗಿ, ಪ್ರಪಂಚದವರೆಲ್ಲ ತಪ್ಪಾಗಿ ಓದೋ ಹಾಗೆ ಆಯ್ತು. ನಮ್ಮ ದೇಶದಲ್ಲೇ ನೋಡಿ, ಬಂಗಾಳಿಯವರು ವೀಸಾ ಅಂತ ಬರೆಯೋವಾಗ ಭ ಅಕ್ಷರಾನೇ ಹಾಕ್ತಾರೆ, ಅವರ ಲಿಪೀಲಿ ವ ಸದ್ದಿಗೆ ಬೇರೇ ಅಕ್ಷರ ಇಲ್ಲ, ಇದ್ದದ್ದರಲ್ಲಿ ಹತ್ತಿರದ್ದು ಭ. ಎಲ್ಲೋ ಐರ್ಲೆಂಡು ಎಲ್ಲೋ ಬಂಗಾಳ, ಕಾರಣ ಬೇರೆ ಬೇರೆ, ಆದ್ರೂ ಕಣ್ಣಿಗೆ ಕಾಣೋದು ಒಂದೇ ಥರ.

ಸರಿ, ಈಗ ಊರಿನ ಹಳೇ ಹೆಸರುಗಳು.

ದ್ವೀಪಕ್ಕೆ ಎಲ್ಲಕ್ಕಿಂತ ಹಳೇ ಹೆಸರು ಪುರಾಣದ್ದು. ನೆವೆದ್ ಅನ್ನೋ ನಾಯಕ ತನ್ನ ಜನರ ಜೊತೆ ಹಡಗಲ್ಲಿ ಐರ್ಲೆಂಡಿಗೆ ಬಂದ, ಇಲ್ಲೇ ಸಾಂಕ್ರಾಮಿಕ ರೋಗ ಬಂದು ತನ್ನ 3,000 ಜನರ ಜೊತೆ ಸತ್ತ, ಇಲ್ಲಿನ ಗುಡ್ಡದ ಮೇಲೇ ಅವನನ್ನ ಹೂಳಿದ್ರು ಅಂತ ಕತೆ. 'ಆರ್ಡ್' ಅಂದ್ರೆ ಎತ್ತರದ ಜಾಗ, ಹಾಗಾಗಿ ಆರ್ಡ್ ನೆವೆದ್, ನೆವೆದನ ದಿಬ್ಬ ಅಂತ ಹೆಸರು. ಆಮೇಲೆ ಇಂಗ್ಲೆಂಡಿನ ಕಡೆಯಿಂದ ದಂಡೆತ್ತಿ ಬಂದ ನಾರ್ಮನ್ನರ ಕಾಲದಲ್ಲಿ ಬ್ಯಾರಿ ಮನೆತನದ ಕೈಗೆ ಬಂದು ಬ್ಯಾರಿಯವರ ದೊಡ್ಡ ದ್ವೀಪ ಅಂತಾಯ್ತು, ಇವತ್ತಿನ ಗ್ರೇಟ್ ಐಲ್ಯಾಂಡ್ ಅನ್ನೋ ಹೆಸರಲ್ಲಿ 'ದೊಡ್ಡ ದ್ವೀಪ' ಅನ್ನೋದಷ್ಟೇ ಉಳಿದಿದೆ.

ನೀರಿನ ಅಂಚಲ್ಲಿದ್ದ ಹಳ್ಳಿಗೆ ಮಾತ್ರ ಬೇರೆ ಹೆಸರು: ಬ್ಯಾಲಿವಲೂನ್. ಈ ಹೆಸರಿನ ಹತ್ರ ಸ್ವಲ್ಪ ಹೊತ್ತು ನಿಲ್ಲಬೇಕು. ಐರಿಶಲ್ಲಿ 'ಬಾಲ್ಯ' ಅಂದ್ರೆ ಊರು, ಹಟ್ಟಿ. 'ಈ' ಅಂದ್ರೆ ವಂಶದವರ. ಮೀಲೋನ್ ಅನ್ನೋದು ಒಬ್ಬ ವ್ಯಕ್ತಿಯ ಹೆಸರು, ಎಮ್ ಅಕ್ಷರದಿಂದ ಶುರುವಾಗೋದು. 'ಈ' ಆದ್ಮೇಲೆ ಬಂದಿದ್ದಕ್ಕೆ ಆ ಮ ಮೆತ್ತಗಾಗಿ ವ ಆಯ್ತು, ಬರೆಯೋವಾಗ ಎಮ್ ಎಚ್. ಮೀಲೋನನ ವಂಶದವರ ಊರು. ಇಂಗ್ಲಿಷರಿಗೆ ಈ ವ್ಯಾಕರಣ ಬೇಕಿರಲಿಲ್ಲ, ಕಿವಿಗೆ ಏನು ಬಿತ್ತೋ ಅದನ್ನ ತಮ್ಮ ಅಕ್ಷರದಲ್ಲಿ ಬರ್ಕೊಂಡ್ರು, ವ ಕೇಳಿಸ್ತು, ವಿ ಹಾಕಿದ್ರು. ಮಡಿಕೇರಿಯನ್ನ ಮರ್ಕೆರಾ ಅಂತ ಬರ್ಕೊಂಡವರೂ ಅದೇ ಸಾಮ್ರಾಜ್ಯದವರೇ. ಹೆಸರಿನ ಸದ್ದು ಹೆಚ್ಚುಕಮ್ಮಿ ಉಳೀತು, ಆದ್ರೆ ಒಳಗಿದ್ದ ಮೀಲೋನ್ ಮಾಯ ಆದ. ಬ್ಯಾಲಿವಲೂನ್ ಅಂತ ಇಂಗ್ಲಿಷ್ ಸ್ಪೆಲ್ಲಿಂಗಲ್ಲಿ ಓದಿದವನಿಗೆ ಅಲ್ಲಿ ಒಬ್ಬ ಮನುಷ್ಯನ ಹೆಸರಿದೆ ಅಂತ ಗೊತ್ತಾಗೋದೇ ಇಲ್ಲ.

ಇದು ಒಂದೂರಿನ ಕತೆ ಅಲ್ಲ, ಇಡೀ ದೇಶದ್ದು. 1824ರಲ್ಲಿ ಆರ್ಡ್ನೆನ್ಸ್ ಸರ್ವೆ ಅನ್ನೋ ಬ್ರಿಟಿಷ್ ಸರ್ಕಾರದ ನಕ್ಷೆ ಕೆಲಸ ಶುರುವಾಗಿ ಐರ್ಲೆಂಡಿನ ಪ್ರತಿಯೊಂದು ಮೂಲೆಯನ್ನೂ ಒಂದು ಮೈಲಿಗೆ ಆರು ಇಂಚಿನ ಲೆಕ್ಕದಲ್ಲಿ ಮ್ಯಾಪ್ ಮಾಡಿದ್ರು, ಆ ಮ್ಯಾಪಲ್ಲಿ ಒಂದೊಂದು ಹೆಸರಿಗೂ ಒಂದು ಇಂಗ್ಲಿಷ್ ಸ್ಪೆಲ್ಲಿಂಗು ಖಾಯಂ ಆಯ್ತು. ಜಾನ್ ಓ'ಡೊನೊವನ್ ಅನ್ನೋ ಐರಿಶ್ ವಿದ್ವಾಂಸರು ಆ ಕೆಲಸದಲ್ಲಿದ್ರು, ಊರೂರು ಸುತ್ತಿ ಹಳಬರನ್ನ ಕೇಳಿ ಮೂಲ ರೂಪ ಏನು ಅಂತ ಬರೆದಿಟ್ರು. ಇವತ್ತು ಎಷ್ಟೋ ಹೆಸರಿನ ಅರ್ಥ ಗೊತ್ತಿದ್ರೆ ಅದು ಅವರ ಪುಣ್ಯ. ರಾಜಧಾನಿ ಡಬ್ಲಿನ್ನೇ ನೋಡಿ. 'ದುವ್' ಅಂದ್ರೆ ಕಪ್ಪು, 'ಲಿನ್' ಅಂದ್ರೆ ಮಡು, ಕಪ್ಪು ಮಡು. ದುವ್ ಅನ್ನೋದನ್ನ ಬರೆಯೋದು ಡಿ ಯು ಬಿ ಎಚ್ ಅಂತ, ಅದೇ ಬಿ ಎಚ್! ಅಲ್ಲಿಗೆ ಮೊದಲು ಬಂದ ವೈಕಿಂಗರು ಕಿವಿಗೆ ಕೇಳಿದ ಹಾಗೆ 'ದಿವ್ಲಿನ್' ಅನ್ನೋ ಥರ ಕರೀತಿದ್ರು, ಇಂಗ್ಲಿಷಲ್ಲಿ ಮಾತ್ರ ಗಟ್ಟಿ ಬ ಬಂದು ಕೂತ್ಕೊಂಡ್ಬಿಡ್ತು. ಕಾರ್ಕ್ ಅನ್ನೋದೂ ಬಾಟಲಿ ಬಿರಡೆ ಅಲ್ಲ, 'ಕೊರ್ಕಿಗ್', ಜವುಗು ನೆಲ.

ಬ್ಯಾಲಿವಲೂನ್ ಕೋವ್ ಆಗಿದ್ದು ನೌಕಾಪಡೆಯಿಂದ. ಕಾರ್ಕ್ ಬಂದರು ಪ್ರಪಂಚದ ದೊಡ್ಡ ಸಹಜ ಬಂದರುಗಳಲ್ಲಿ ಒಂದು, ಬಾಯಿ ಕಿರಿದು, ಒಳಗೆ ವಿಶಾಲ, ಸಾಲು ಸಾಲು ಹಡಗು ಬಿರುಗಾಳಿಗೆ ಹೆದರದೆ ನಿಲ್ಲಬಹುದು. ಬ್ರಿಟಿಷರಿಗೆ ಇಂಥದ್ದೇ ಬೇಕಿತ್ತು. 1743ರಲ್ಲಿ ಒಂದು ಕೋಟೆ ಕಟ್ಟಿದ್ರು. 1750ರಲ್ಲಿ ಸ್ಮಿತ್ ಅನ್ನೋ ಇತಿಹಾಸಕಾರರು ಇದನ್ನ ಕೋವ್ ಹಳ್ಳಿ ಅಂತ ಬರೆದು, ಇಲ್ಲಿರೋರು ನಾವಿಕರು ಮತ್ತು ಸುಂಕದ ಅಧಿಕಾರಿಗಳು ಅಂದಿದ್ದಾರೆ. ನಾವಿಕರ ಬಾಯಲ್ಲಿ ಇದು 'ಕೋವ್ ಆಫ್ ಕಾರ್ಕ್', ಕಾರ್ಕಿನ ಕೊಲ್ಲಿ. ಫ್ರಾನ್ಸ್ ಜೊತೆ ಯುದ್ಧ ನಡೀತಿದ್ದ ಕಾಲದಲ್ಲಿ ಹಡಗುಗಳ ದಂಡು ಇಲ್ಲಿ ಸೇರಿ ಹೊರಡ್ತಿತ್ತು, ಊರು ಬೆಳೀತು, ಊರಿನ ಜೊತೆ ಹೆಸರೂ ಬೆಳೀತು, ಬ್ಯಾಲಿವಲೂನ್ ಅನ್ನೋದು ಒಂದು ಮೂಲೆಗೆ ಸರೀತು. ಯಾರೂ ಆರ್ಡರ್ ಮಾಡಿ ಇಟ್ಟ ಹೆಸರಲ್ಲ ಇದು, ದಿನಾ ಕರೆದು ಕರೆದು ಕೂತ ಹೆಸರು. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಆರ್ಡರ್ ಮಾಡಿ ಇಟ್ಟ ಹೆಸರು ಬಂದಿದ್ದು 1849ರ ಆಗಸ್ಟ್‌ನಲ್ಲಿ. ರಾಣಿ ವಿಕ್ಟೋರಿಯಾ ಮೊದಲ ಸಲ ಐರ್ಲೆಂಡಿಗೆ ಬಂದ್ರು, ಹಡಗು ಇಲ್ಲಿ ಬಂದು ನಿಲ್ತು, ಐರಿಶ್ ನೆಲದಲ್ಲಿ ತಾನು ಮೊದಲು ಕಾಲಿಟ್ಟ ಜಾಗ ಇದು ಅನ್ನೋ ಗೌರವಕ್ಕೆ ಊರಿಗೆ ಕ್ವೀನ್ಸ್‌ಟೌನ್ ಅಂತ ಹೆಸರಿಡೋ ಸಮಾಧಾನ ಜನಕ್ಕೆ ಸಿಗಲಿ ಅಂತ ದಡಕ್ಕೆ ಇಳಿದೆ ಅಂತ ರಾಣಿಯೇ ತಮ್ಮ ದಿನಚರೀಲಿ ಬರ್ಕೊಂಡಿದ್ದಾರೆ. ತೋಪು ಹಾರಿಸಿದ್ರು, ಹೆಸರು ಬದಲಾಯ್ತು. ಆ ವರ್ಷ ಯಾವುದು ಅಂತ ಯೋಚನೆ ಮಾಡಿದ್ರೆ ನನಗೆ ಹೊಟ್ಟೆ ಒಳಗೆ ಸಂಕಟ ಆಗುತ್ತೆ. 1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಶುರುವಾದ ಮಹಾ ಕ್ಷಾಮ ಇನ್ನೂ ಮುಗಿದಿರಲಿಲ್ಲ. ಹತ್ತು ಲಕ್ಷದಷ್ಟು ಜನ ಹಸಿವಿಗೆ, ಕಾಯಿಲೆಗೆ ಸತ್ರು, ಹೆಚ್ಚುಕಮ್ಮಿ ಅಷ್ಟೇ ಜನ ದೇಶ ಬಿಟ್ಟು ಹೋದ್ರು. ದೇಶ ಬಿಡೋರು ಹಡಗು ಹತ್ತೋ ಮುಖ್ಯ ಜಾಗಗಳಲ್ಲಿ ಈ ಊರೂ ಒಂದು. ಅಲ್ಲಿಂದ ಮುಂದಿನ ನೂರು ವರ್ಷದಲ್ಲಿ ಸುಮಾರು 25 ಲಕ್ಷ ಜನ ಇಲ್ಲಿಂದಲೇ ಹೋದ್ರು ಅಂತ ಲೆಕ್ಕ ಇದೆ.

ಹಾಗಾಗಿ ಲಕ್ಷಾಂತರ ಕುಟುಂಬಗಳ ದಾಖಲೆಯಲ್ಲಿ ತವರಿನ ಕೊನೇ ಊರು ಅಂತ ಇರೋದು ಕ್ವೀನ್ಸ್‌ಟೌನ್. ದಡದ ಮೇಲೆ ಒಂದು ಪ್ರತಿಮೆ ಇದೆ, ಒಬ್ಬ ಹುಡುಗಿ, ಜೊತೆಗೆ ಅವಳ ಇಬ್ಬರು ತಮ್ಮಂದಿರು, ಆನ್ನಿ ಮೂರ್ ಅಂತ ಹೆಸರು. 1891ರ ಡಿಸೆಂಬರ್ 20ಕ್ಕೆ ಇಲ್ಲಿಂದ ನೆವಾಡಾ ಅನ್ನೋ ಹಡಗು ಹತ್ತಿ, 1892ರ ಜನವರಿ 1ಕ್ಕೆ ನ್ಯೂಯಾರ್ಕಿನ ಎಲ್ಲಿಸ್ ಐಲ್ಯಾಂಡ್ ವಲಸೆ ಕೇಂದ್ರದ ಬಾಗಿಲು ತೆರೆದಾಗ ಒಳಗೆ ಹೋದ ಮೊದಲ ವಲಸೆಗಾರ್ತಿ. ದೊಡ್ಡ ತಮ್ಮ ಸಮುದ್ರದ ಕಡೆ ಕೈ ಚಾಚಿದ್ದಾನೆ, ಅವಳು ತಿರುಗಿ ಊರಿನ ಕಡೆ ನೋಡ್ತಿದ್ದಾಳೆ. ಅವಳು ಬಿಟ್ಟ ಊರು ಕ್ವೀನ್ಸ್‌ಟೌನ್, ಪ್ರತಿಮೆ ನಿಂತಿರೋ ಊರು ಕೋವ್, ಜಾಗ ಒಂದೇ. 1912ರ ಏಪ್ರಿಲ್ 11ಕ್ಕೆ ಟೈಟಾನಿಕ್ ಹತ್ತಿದ 123 ಜನರ ಲೆಕ್ಕದಲ್ಲೂ ಕ್ವೀನ್ಸ್‌ಟೌನ್ ಅಂತಾನೇ ಇದೆ. 1915ರ ಮೇ 7ಕ್ಕೆ ಲುಸಿಟಾನಿಯಾ ಹಡಗನ್ನ ಜರ್ಮನ್ ಸಬ್‌ಮರೀನ್ ಮುಳುಗಿಸಿದಾಗ ಬದುಕಿದವರನ್ನೂ ಹೆಣಗಳನ್ನೂ ತಂದಿಳಿಸಿದ್ದು ಕ್ವೀನ್ಸ್‌ಟೌನಿಗೇ. ಅಜ್ಜನ ಕಾಗದ ಹಿಡಿದು ಅಮೆರಿಕದಿಂದ ಹುಡುಕ್ಕೊಂಡು ಬರೋರು ಇವತ್ತಿನ ಐರ್ಲೆಂಡ್ ಮ್ಯಾಪಲ್ಲಿ ಆ ಹೆಸರು ಹುಡುಕಿದ್ರೆ ಸಿಗಲ್ಲ.

ಯಾಕೆ ಸಿಗಲ್ಲ ಅಂದ್ರೆ 1920. ಬ್ರಿಟಿಷರ ವಿರುದ್ಧ ಐರ್ಲೆಂಡಿನ ಸ್ವಾತಂತ್ರ್ಯದ ಯುದ್ಧ ನಡೀತಿದ್ದಾಗ, ಆ ವರ್ಷದ ಜುಲೈ 2ರಂದು ಊರಿನ ಕೌನ್ಸಿಲ್ಲು ನಿರ್ಣಯ ಮಾಡಿ ರಾಣಿಯ ಹೆಸರನ್ನ ತೆಗೆದುಹಾಕ್ತು. ಆ ಕಾಲದಲ್ಲಿ ದೇಶದ ತುಂಬಾ ಇದೇ ನಡೀತಿತ್ತು. ಡಬ್ಲಿನ್ ಪಕ್ಕದ ಡನ್ ಲಿಯರಿ ಅನ್ನೋ ಬಂದರಿಗೆ 1821ರಲ್ಲಿ ನಾಲ್ಕನೇ ಜಾರ್ಜ್ ಬಂದುಹೋದ ನೆನಪಿಗೆ ಕಿಂಗ್ಸ್‌ಟೌನ್ ಅಂತ ಇಟ್ಟಿದ್ರು, ಅದೂ 1920ರಲ್ಲೇ ಹಳೇ ಹೆಸರಿಗೆ ವಾಪಸ್ ಹೋಯ್ತು. ಕ್ವೀನ್ಸ್ ಕೌಂಟಿ ಲೀಶ್ ಆಯ್ತು, ಕಿಂಗ್ಸ್ ಕೌಂಟಿ ಆಫಲಿ ಆಯ್ತು, ಮೇರಿಬರೋ ಅನ್ನೋದು ಪೋರ್ಟ್‌ಲೀಶ್ ಆಯ್ತು.

ಆದ್ರೆ ಡನ್ ಲಿಯರಿಗೂ ಕೋವಿಗೂ ಒಂದು ದೊಡ್ಡ ವ್ಯತ್ಯಾಸ ಇದೆ, ಇಡೀ ಕತೆಯ ಗಂಟು ಇರೋದು ಇಲ್ಲೇ. ಡನ್ ಲಿಯರಿ ಅನ್ನೋ ಇಂಗ್ಲಿಷ್ ಸ್ಪೆಲ್ಲಿಂಗನ್ನ ಕೆರೆದು ನೋಡಿದ್ರೆ ಕೆಳಗೆ ನಿಜವಾದ ಐರಿಶ್ ಹೆಸರಿತ್ತು, 'ದೂನ್' ಅಂದ್ರೆ ಕೋಟೆ, ಲೀರೆ ಅನ್ನೋದು 5ನೇ ಶತಮಾನದ ಒಬ್ಬ ರಾಜ, ಲೀರೆಯ ಕೋಟೆ. ಅದನ್ನ ಅದರ ಮೂಲ ಅಕ್ಷರದಲ್ಲಿ ಬರೆದ್ರು, ಆಯ್ತು. ಕೋವಲ್ಲಿ ಕ್ವೀನ್ಸ್‌ಟೌನ್ ಅನ್ನ ಕೆರೆದ್ರೆ ಕೆಳಗೆ ಸಿಕ್ಕಿದ್ದು ಇನ್ನೊಂದು ಇಂಗ್ಲಿಷ್ ಪದ. ಅದನ್ನೂ ಐರಿಶ್ ಕಾಗುಣಿತಕ್ಕೆ ಹಾಕಿದ್ರು. ಸಿ ಓ ಹಾಗೇ ಇರ್ಲಿ, ವಿ ಅಕ್ಷರ ನಮ್ಮಲ್ಲಿಲ್ಲ, ವ ಸದ್ದಿಗೆ ಬಿ ಎಚ್. ಹುಟ್ಟಿತು ಹೊಸ ಸ್ಪೆಲ್ಲಿಂಗು. ಐರಿಶಲ್ಲಿ ಬರೆಯೋವಾಗ ಓ ಮೇಲೆ ದೀರ್ಘದ ಗೀರು ಎಳೆದು, ಹಿಂದೆ 'ಅನ್' ಅಂತ ಸೇರಿಸ್ತಾರೆ, ಇಂಗ್ಲಿಷಿನ 'ದ' ಇದ್ದ ಹಾಗೆ, ಅನ್ ಕೋವ್.

ಒಂದು ಸಲ ಮೀಲೋನನ ಎಮ್ ಎಚ್ ಅನ್ನ ಇಂಗ್ಲಿಷರು ವಿ ಮಾಡಿಕೊಂಡಿದ್ರಲ್ಲ, ಅದೇ ದಡದಲ್ಲಿ, ಅದೇ ಕೆಲಸವನ್ನ ತಿರುಗುಮುರುಗು ಮಾಡಿ ಐರಿಶ್ ಜನ ಇಂಗ್ಲಿಷಿನ ವಿ ಅನ್ನ ಬಿ ಎಚ್ ಮಾಡಿಕೊಂಡ್ರು. ಸಾವಿರಾರು ಊರಿಗೆ ಆಗಿದ್ದರ ಪೂರ್ತಿ ಉಲ್ಟಾ. ಇದು ತಿಳಿದ ದಿನ ನಾನು ಆ ನಾಲ್ಕಕ್ಷರವನ್ನ ಎಷ್ಟೋ ಹೊತ್ತು ನೋಡ್ತಾ ಕೂತಿದ್ದೆ.

ಇದು ನಕಲಿ ಐರಿಶ್ ಅಲ್ವಾ, ಹಾಗಿದ್ರೆ ಬ್ಯಾಲಿವಲೂನ್ ಅಂತಾನೇ ಇಡಬಹುದಿತ್ತಲ್ಲ ಅಂತ ಕೇಳೋರಿದ್ದಾರೆ. ನಾನು ಒಪ್ಪಲ್ಲ. ಹೆಸರು ಮೊದಲು ನಾಲಗೆ ಮೇಲೆ ಇರಬೇಕು, ಆಮೇಲೆ ಬೋರ್ಡ್ ಮೇಲೆ. ಕೋವ್ ಅನ್ನೋದು ರಾಣಿ ಬರೋಕೆ ನೂರು ವರ್ಷ ಮುಂಚಿಂದ ಜನ ಕರ್ಕೊಂಡು ಬಂದ ಹೆಸರು, ಪದ ಯಾವ ಭಾಷೇದಾದ್ರೂ ಬಳಸಿ ಬಳಸಿ ಅದು ಅವರದ್ದಾಗಿತ್ತು. ಯಾರ ಬಾಯಲ್ಲೂ ಇಲ್ಲದ ಹೆಸರನ್ನ ಹುಡುಕಿ ತಂದು ಹೇರಿದ್ರೆ ಅದೂ ಕ್ವೀನ್ಸ್‌ಟೌನ್ ಥರಾನೇ ಆಗ್ತಿತ್ತು. ಕರೆಯೋದು ಬದಲಾಗಬಾರದು, ಬರೆಯೋದು ನಮ್ಮ ಭಾಷೆಯ ರೀತೀಲಿರಬೇಕು, ಎರಡೂ ಆ ನಾಲ್ಕಕ್ಷರದಲ್ಲಿ ಕೂತಿದೆ.

ಬದಲಾದ ಹೆಸರು ಎಲ್ಲರೂ ತಕ್ಷಣ ಒಪ್ಪಿದ್ರು ಅಂತೇನಿಲ್ಲ. 1921ರ ಡಿಸೆಂಬರ್ 6ಕ್ಕೆ ಬ್ರಿಟನ್ ಜೊತೆ ಸಹಿಯಾದ ಒಪ್ಪಂದದಲ್ಲಿ ಬ್ರಿಟಿಷ್ ನೌಕಾಪಡೆಗೆ ಉಳಿಸಿಕೊಟ್ಟ ಬಂದರುಗಳ ಪಟ್ಟಿ ಇದೆ, ಕೌನ್ಸಿಲ್ ನಿರ್ಣಯ ಆಗಿ ಒಂದೂವರೆ ವರ್ಷ ಆಗ್ತಾ ಬಂದಿದ್ರೂ ಅಲ್ಲಿ ಕ್ವೀನ್ಸ್‌ಟೌನ್ ಅಂತಾನೇ ಬರೆದಿದ್ದಾರೆ. ಊರಿನ ಹೆಸರು ಐರಿಶ್ ಆದ್ರೂ ಎದುರಿಗಿದ್ದ ಸ್ಪೈಕ್ ಐಲ್ಯಾಂಡಿನ ಕೋಟೆ ಬ್ರಿಟಿಷರ ಕೈಯಲ್ಲೇ ಇತ್ತು, ಅದು ಬಿಟ್ಕೊಟ್ಟಿದ್ದು 1938ರ ಜುಲೈ 11ಕ್ಕೆ. ಈಗ ಹಳೇ ರೈಲ್ವೆ ಸ್ಟೇಷನ್ ಕಟ್ಟಡದಲ್ಲಿ ವಲಸೆ ಹೋದವರ ಬಗ್ಗೆ ಒಂದು ಮ್ಯೂಸಿಯಂ ಇದೆ, ಅದರ ಪ್ರದರ್ಶನಕ್ಕೆ ಕ್ವೀನ್ಸ್‌ಟೌನ್ ಅನ್ನೋ ಹೆಸರನ್ನೇ ಉಳಿಸಿದ್ದಾರೆ. ಹೋದವರೆಲ್ಲ ಆ ಹೆಸರಿನ ಊರಿಂದಲೇ ಹೋಗಿದ್ದು, ಅಲ್ಲಿ ಅದು ಇರಬೇಕಾದ್ದೇ.

ಅಲ್ಲಿಗೆ ಹೋಗೋ ಅವಕಾಶ ಸಿಕ್ರೆ ರೈಲಲ್ಲೇ ಹೋಗಿ, ಕಿಟಕಿ ಪಕ್ಕ ಕೂತು ಬೋರ್ಡುಗಳನ್ನ ನೋಡ್ತಾ ಹೋಗಿ. ಹೊರಡೋ ಸ್ಟೇಷನ್ನು ಕೆಂಟ್, 1916ರಲ್ಲಿ ಬ್ರಿಟಿಷರು ಗುಂಡಿಟ್ಟು ಕೊಂದ ಐರಿಶ್ ಹೋರಾಟಗಾರ ಥಾಮಸ್ ಕೆಂಟ್ ಅವರ ಹೆಸರು. ಆಮೇಲೆ ಲಿಟಲ್ ಐಲ್ಯಾಂಡ್, ಐರಿಶಲ್ಲೂ ಅದಕ್ಕೆ ಸಣ್ಣ ದ್ವೀಪ ಅಂತಾನೇ ಹೆಸರು, ಅರ್ಥವನ್ನ ಅನುವಾದ ಮಾಡಿರೋದು. ಮುಂದೆ ಗ್ಲೌಂಥಾನ್, ಇದು 'ಗ್ಲೌಂಟಾನ್' ಅಂದ್ರೆ ಪುಟ್ಟ ಕಣಿವೆ, ಸದ್ದನ್ನ ಮಾತ್ರ ಇಂಗ್ಲಿಷಿಗೆ ಇಳಿಸಿರೋದು. ಕ್ಯಾರಿಗಲೋದಲ್ಲಿ 'ಕ್ಯಾರಿಗ್' ಅಂದ್ರೆ ಬಂಡೆ. ರಶ್‌ಬ್ರೂಕ್, ಅಪ್ಪಟ ಇಂಗ್ಲಿಷು. ಕೊನೇ ಸ್ಟೇಷನ್ನು ಕೋವ್. ಐರ್ಲೆಂಡಲ್ಲಿ ರಸ್ತೆ ಬೋರ್ಡಿನ ಮೇಲೆ ಐರಿಶ್ ಹೆಸರು ಓರೆ ಅಕ್ಷರದಲ್ಲಿ, ಅದರ ಕೆಳಗೆ ಇಂಗ್ಲಿಷ್ ಹೆಸರು ದೊಡ್ಡ ಅಕ್ಷರದಲ್ಲಿರುತ್ತೆ, ಎಷ್ಟೋ ಕಡೆ ಎರಡೂ ಬೇರೆ ಬೇರೆ ಊರೇನೋ ಅನ್ನೋ ಹಾಗಿರುತ್ತೆ. ಇಲ್ಲಿ ಮೇಲೆ 'ಅನ್ ಕೋವ್', ಕೆಳಗೆ 'ಕೋವ್', ಎರಡು ಸಾಲಲ್ಲೂ ಅದೇ ನಾಲ್ಕಕ್ಷರ, ಮೇಲಿನದರಲ್ಲಿ ಓ ಮೇಲೆ ಒಂದು ಪುಟ್ಟ ಗೀರು.